ಮಿಷನ್ ಶಾಲೆ ಮತ್ತು ಮಗುವಿನ ಒಪ್ಪಿಗೆ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್ ಎಂದೊಡನೆ ಈಗ ನೆನಪಾಗುವುದು 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಆದರೆ ಹೊಸಗಾಲ ಈ ಸೀಮೆಗೆ ಕಾಲಿಟ್ಟದ್ದು ಅದಕ್ಕೂ ಬಹಳ ಹಿಂದೆ, ಗುಬ್ಬಿಗೆ ಬಂದ ಪಾದ್ರಿಗಳ ಜೊತೆಯಲ್ಲಿ.

ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1830ರ ದಶಕದ ಕೊನೆಯಲ್ಲಿ ಗುಬ್ಬಿಯಲ್ಲಿ ನೆಲೆಸಿದರು. 1839ರಲ್ಲಿ ಐರ್ಲೆಂಡಿನ ಇಪ್ಪತ್ತರ ತರುಣ ವಿಲಿಯಂ ಆರ್ಥರ್ ಅಲ್ಲಿಗೆ ಬಂದರು. ಕಣ್ಣಿನ ತೊಂದರೆಯಿಂದ 1841ರಲ್ಲಿ ಸ್ವದೇಶಕ್ಕೆ ಮರಳಿದ ಅವರು, 1847ರಲ್ಲಿ ತಮ್ಮ ಮೈಸೂರು ಸೀಮೆಯ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಹಾಡ್ಸನ್ ಮುಂದೆ ಕನ್ನಡ ವ್ಯಾಕರಣವನ್ನೇ ಬರೆದರು. ಮಿಷನ್ನಿನದು ಎರಡು ಕೆಲಸ: ಬೀದಿಯಲ್ಲಿ ಉಪದೇಶ, ಶಾಲೆಯಲ್ಲಿ ಅಕ್ಷರ. ಜನ ಒಪ್ಪಿಕೊಂಡದ್ದು ಹೆಚ್ಚಾಗಿ ಎರಡನೆಯದನ್ನು. ಹಳೆಯ ಮೈಸೂರಿನಲ್ಲಿ ಮಿಷನ್ ಶಾಲೆಗಳಲ್ಲಿ ಓದಿದವರು ಅನೇಕರು. ದೀಕ್ಷಾಸ್ನಾನ ಪಡೆದವರು ಕೆಲವರೇ.

ಹಾಗಾದರೆ ಅಕ್ಷರ ಕಲಿಯಲು ಬಂದ ಮಗು ಪ್ರಾರ್ಥನೆಯನ್ನೂ ಮಾಡಲೇಬೇಕೇ? ಆಗ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1854ರ ವುಡ್ ನಿರೂಪ ಸರ್ಕಾರಿ ಶಾಲೆಗಳ ಶಿಕ್ಷಣ ಲೌಕಿಕವಾಗಿರಬೇಕೆಂದಿತು. ಖಾಸಗಿ ಶಾಲೆಗಳಿಗೆ ಅನುದಾನ ಕೊಡುವಾಗ ಅವುಗಳ ಲೌಕಿಕ ಶಿಕ್ಷಣವನ್ನಷ್ಟೇ ನೋಡಬೇಕು, ಮತಬೋಧನೆಯ ಗೊಡವೆಗೆ ಹೋಗಬಾರದು ಎಂದಿತು. 1858ರ ರಾಣಿಯ ಘೋಷಣೆಯೂ ಪ್ರಜೆಗಳ ಧರ್ಮದಲ್ಲಿ ಸರ್ಕಾರ ಕೈಹಾಕದೆಂದು ಸಾರಿತು. ಇವುಗಳಿಂದ ಸರ್ಕಾರ ದೂರ ನಿಂತಿತೇ ಹೊರತು ಮಗುವಿನ ಪ್ರಶ್ನೆ ಹಾಗೆಯೇ ಉಳಿಯಿತು.

ಅದಕ್ಕೆ ಸ್ಪಷ್ಟ ಉತ್ತರ ಕೊಟ್ಟದ್ದು 1950ರಲ್ಲಿ ಜಾರಿಗೆ ಬಂದ ಸಂವಿಧಾನ. ಅದರ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿತು. 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿತು. 28ನೇ ವಿಧಿಯಾದರೋ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಮತಬೋಧನೆಗೋ ಪ್ರಾರ್ಥನೆಗೋ ಕೂರಿಸುವಂತಿಲ್ಲ ಎಂದಿತು. ಈ ನಿಯಮ ಮಿಷನ್ ಶಾಲೆಗೆ ಮಾತ್ರವಲ್ಲ, ಮಠದ ಶಾಲೆಗೂ ಮದರಸಾ ಮಂಡಳಿಯವರ ಶಾಲೆಗೂ ಒಂದೇ.

ಫ್ರಾನ್ಸಿನಲ್ಲಿ 1905ರ ಕಾನೂನು ಚರ್ಚನ್ನು ಸರ್ಕಾರದಿಂದ ಬೇರ್ಪಡಿಸಿತು. ಅಲ್ಲಿ ಜಾತ್ಯತೀತತೆ ಬೆಳೆದದ್ದು ಪ್ರಬಲವಾದ ಚರ್ಚಿನೊಂದಿಗೆ ಹೋರಾಡಿ. ನಮ್ಮಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಜಾತ್ಯತೀತ ಸಂವಿಧಾನವೇ ಅವರ ಶ್ರದ್ಧೆಗೆ ಬೇಲಿ. ಅವರ ಶಾಲೆಯಲ್ಲಿ ಓದುವ ಅನ್ಯಧರ್ಮದ ಮಗುವಿಗೂ ಅದೇ ಬೇಲಿ.

ಆದರೆ ಬೆಳಗಿನ ಪ್ರಾರ್ಥನೆಗೆ ಎಲ್ಲರೂ ಕೈಜೋಡಿಸಿ ನಿಂತಾಗ ಎಂಟು ವರ್ಷದ ಮಗು ತಾನೊಬ್ಬನೇ ಒಲ್ಲೆನೆನ್ನಲಾರದು. ಆದ್ದರಿಂದ ಮೊದಲು ಕೇಳಬೇಕಾದದ್ದು ಶಾಲೆಯೇ. ಕೇಳಿ ಪಡೆದ ಒಪ್ಪಿಗೆಯಿಂದ ಯಾವ ಧರ್ಮದ ಘನತೆಯೂ ಕುಂದುವುದಿಲ್ಲ.