ನೊಣಕ್ಕೊಂದು ಹೆಸರು

ಟ್ರೌಟ್ ಎಂಬುದು ತಣ್ಣನೆಯ ತಿಳಿನೀರಿನಲ್ಲಷ್ಟೇ ಸುಖವಾಗಿರುವ ಮೀನು. ನೀರಿನ ಹುಳುಹುಪ್ಪಟೆ ಅದರ ಊಟ. ಅದಕ್ಕೇ ಹಿಡಿಯುವವರು ಗಾಳಕ್ಕೆ ಹಕ್ಕಿಯ ಗರಿ, ರೇಷ್ಮೆ ನೂಲು ಸುತ್ತಿ ಸುಳ್ಳು ನೊಣವೊಂದನ್ನು ಕಟ್ಟುತ್ತಾರೆ. ಮೀನು ಹಿಡಿದ ಗಂಡಸರ ಕಥೆಗಳು ಬೇಕಾದಷ್ಟಿವೆ. ನೊಣ ಕಟ್ಟಿದವರು ಯಾರು?

ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿ ಚಾರ್ಲ್ಸ್ ಆರ್ವಿಸ್ 1856ರಲ್ಲಿ ಗಾಳದ ಸಾಮಾನಿನ ವ್ಯಾಪಾರ ಶುರುಮಾಡಿದ. ಮಗಳು ಮೇರಿ ಹುಟ್ಟಿದ್ದೂ ಅದೇ ವರ್ಷ. ಇಪ್ಪತ್ತರ ಆಸುಪಾಸಿಗೇ ನೊಣ ಕಟ್ಟುವ ವಿಭಾಗದ ಹೊಣೆ ಆಕೆಯ ಪಾಲಿಗೆ ಬಂತು. ಆಕೆಯ ಕೈಕೆಳಗೆ ಕೂತು ದಿನವಿಡೀ ಗರಿ ಸುತ್ತುತ್ತಿದ್ದವರೂ ಹೆಂಗಸರೇ. ಅವರ ಹೆಸರನ್ನು ಯಾರು ಬರೆದಿಟ್ಟರು, ಹೇಳಿ!

ಆಗಿನ ದೊಡ್ಡ ತೊಡಕೆಂದರೆ ಹೆಸರಿನದೇ. ಒಂದೇ ನೊಣಕ್ಕೆ ಊರಿಗೊಂದು ಹೆಸರು. ಒಂದೇ ಹೆಸರಿಗೆ ಹಲವು ನೊಣ. ಅಂಚೆಯಲ್ಲಿ ತರಿಸಿಕೊಂಡವನಿಗೆ ಕೇಳಿದ್ದೊಂದು, ಬಂದದ್ದೊಂದು. (ಒಂದೇ ತರಗತಿಯಲ್ಲಿ ನಾಲ್ವರು ಮಂಜುಳೆಯರಿದ್ದಾಗ ಹಾಜರಿ ಕೂಗಿದವರಿಗೆ ಈ ಫಜೀತಿ ಅರ್ಥವಾದೀತು.) ಕಂಪನಿಯವರು ದೇಶದ ಉದ್ದಗಲಕ್ಕೂ ಗಾಳ ಹಾಕುವವರಿಗೆ ಪತ್ರ ಬರೆದು, ನಿಮ್ಮ ಕಡೆ ಯಾವ ನೊಣ ಒಳ್ಳೆಯದೆಂದು ಕೇಳಿದರು. ಬಂದ ಉತ್ತರಗಳನ್ನು ಜೋಡಿಸಿ, ಒಂದೊಂದು ನೊಣದ ಹುಟ್ಟು, ಹೆಸರಿನ ಹಿನ್ನೆಲೆ ಹುಡುಕಿ, ಬಣ್ಣದ ಚಿತ್ರಗಳೊಡನೆ ಮೇರಿ ಆರ್ವಿಸ್ ಮಾರ್ಬರಿ 1892ರಲ್ಲಿ 'ಫೇವರಿಟ್ ಫ್ಲೈಸ್ ಆಂಡ್ ದೇರ್ ಹಿಸ್ಟರೀಸ್' ಎಂಬ ದಪ್ಪ ಪುಸ್ತಕ ತಂದಳು. ಆಮೇಲೆ ಚಿತ್ರ ತೋರಿಸಿ ಇಂಥದೇ ಬೇಕೆಂದು ಹೇಳುವಂತಾಯಿತು. ಪುಸ್ತಕ ಮತ್ತೆ ಮತ್ತೆ ಅಚ್ಚಾಯಿತು.

ಮರುವರ್ಷ ಷಿಕಾಗೋ ವಿಶ್ವಮೇಳಕ್ಕೆ ಆಕೆ ನೊಣಗಳನ್ನೂ ನದಿಗಳ ಛಾಯಾಚಿತ್ರಗಳನ್ನೂ ಚೌಕಟ್ಟುಗಳಲ್ಲಿ ಅಣಿಗೊಳಿಸಿದಳು. 1914ರಲ್ಲಿ ತೀರಿಕೊಂಡಳು. ಆ ಚೌಕಟ್ಟುಗಳು ಮ್ಯಾಂಚೆಸ್ಟರ್‌ನ ಸಂಗ್ರಹಾಲಯ ಸೇರಿದವು.