ಹಳೇ ಚೈನ್‌ಸಾ ಹುಚ್ಚು: ಗುಜರಿಗೆ ಹೋಗಬೇಕಾದ ಗರಗಸಕ್ಕೆ ಇಷ್ಟೊಂದು ಬೇಡಿಕೆ ಏಕೆ?

ಹಳೇ ಕಾರು, ಹಳೇ ಬೈಕು, ಹಳೇ ಕ್ಯಾಮೆರಾ ಕೂಡಿಡುವವರು ಎಲ್ಲೆಡೆ ಇದ್ದಾರೆ. ಆದರೆ ಮರ ಕೊಯ್ಯುವ ಹಳೇ ಚೈನ್‌ಸಾಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಚಾಲೂ ಮಾಡುವವರ ಬಳಗವೂ ಒಂದಿದೆ. ಅಮೆರಿಕ, ಕೆನಡಾ, ಜರ್ಮನಿ, ಸ್ವೀಡನ್‌ಗಳಲ್ಲಿ ಈ ಹವ್ಯಾಸ ಹೆಚ್ಚು. ಚಳಿಗಾಲದ ಸೌದೆ ಸೀಳಿಕೊಳ್ಳಬೇಕಾದ ಅಲ್ಲಿನ ಹಳ್ಳಿಮನೆಗಳಲ್ಲಿ ಚೈನ್‌ಸಾ ಅಂದರೆ ನಮ್ಮ ಕತ್ತಿ, ಕೊಡಲಿ ಇದ್ದ ಹಾಗೆ. ಅಜ್ಜ ಬಳಸಿ ಬಿಟ್ಟದ್ದು ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತಿರುತ್ತದೆ. ಒಂದು ದಿನ ಮೊಮ್ಮಗ ಅದರ ಹಗ್ಗ ಎಳೆದು ನೋಡುತ್ತಾನೆ. ಹುಚ್ಚು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ.

ಇಬ್ಬರು ಹಿಡಿಯಬೇಕಿದ್ದ ಯಂತ್ರ

ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ ಚೈನ್‌ಸಾ ತಯಾರಿಸಿದರು. ಆದರೆ ಕಾಡಿನೊಳಗೆ ಕರೆಂಟ್ ಎಲ್ಲಿಂದ ಬರಬೇಕು? ಮರುವರ್ಷವೇ ಎಮಿಲ್ ಲೆರ್ಪ್ ಪೆಟ್ರೋಲ್ ಗರಗಸವನ್ನು ಥುರಿಂಗಿಯಾದ ಡೋಲ್ಮಾರ್ ಬೆಟ್ಟಕ್ಕೆ ಒಯ್ದು ಪರೀಕ್ಷಿಸಿದರು. ಡೋಲ್ಮಾರ್ ಕಂಪನಿಗೆ ಹೆಸರು ಬಂದದ್ದು ಆ ಬೆಟ್ಟದಿಂದಲೇ. ಆ ಗರಗಸದ ತೂಕ ಸುಮಾರು 58 ಕೆ.ಜಿ. ಈ ಕಡೆ ಒಬ್ಬ, ಆ ಕಡೆ ಒಬ್ಬ ಹಿಡಿದು ಕೊಯ್ಯಬೇಕಿತ್ತು.

ಒಬ್ಬನೇ ಎತ್ತಿ ಹಿಡಿಯಬಹುದಾದ ಗರಗಸಗಳು ಹೆಚ್ಚಿದ್ದು ಎರಡನೇ ಮಹಾಯುದ್ಧದ ನಂತರ. ಅಮೆರಿಕದ ಮೆಕಲಕ್ ಕಂಪನಿಯ 3-25 ಮಾದರಿ 1949ರಲ್ಲಿ ಬಂತು. ಅದರ ತೂಕ 25 ಪೌಂಡ್, ಅಂದರೆ 11 ಕೆ.ಜಿ.ಗೆ ತುಸು ಹೆಚ್ಚು. ಮರುವರ್ಷ ಬಂದ ಸ್ಟಿಲ್ ಬಿಎಲ್ 16 ಕೆ.ಜಿ. ಇತ್ತು.

ತೂಕ ಇಳಿದರೂ ಇನ್ನೊಂದು ತೊಡಕು ಉಳಿದಿತ್ತು. ಆಗಿನ ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಒಂದು ಪುಟ್ಟ ಬಟ್ಟಲಲ್ಲಿ ನಿಲ್ಲುತ್ತಿತ್ತು. ಗರಗಸವನ್ನು ಅಡ್ಡ ಮಲಗಿಸಿದರೆ ಎಂಜಿನ್ ನಿಂತೇಹೋಗುತ್ತಿತ್ತು. ನಿಂತ ಮರವನ್ನು ಬುಡದಲ್ಲಿ ಕೊಯ್ಯಲು ಗರಗಸ ಅಡ್ಡ ಹಿಡಿಯದೆ ವಿಧಿಯಿಲ್ಲ. ಹೀಗಾಗಿ ಎಂಜಿನ್ ನೆಟ್ಟಗಿರುವಂತೆ ಉಳಿಸಿ, ಸರಪಳಿಯ ಪಟ್ಟಿಯನ್ನಷ್ಟೇ ತಿರುಗಿಸಿ ಬಿಗಿಯುವ ಏರ್ಪಾಡು ಕೆಲವು ಮಾದರಿಗಳಲ್ಲಿತ್ತು. ಬಟ್ಟಲಿನ ಬದಲು ತೆಳ್ಳನೆಯ ಪೊರೆಯಿಂದ ಪೆಟ್ರೋಲ್ ಎಳೆಯುವ ಡಯಾಫ್ರಂ ಕಾರ್ಬ್ಯುರೇಟರ್ ಬಂದಮೇಲೆ ಗರಗಸವನ್ನು ಹೇಗೆ ಬೇಕಾದರೂ ಹಿಡಿಯಬಹುದಾಯಿತು. 1959ರ ಸ್ಟಿಲ್ ಕಾಂಟ್ರಾ ಇಂಥದ್ದು: 12 ಕೆ.ಜಿ. ತೂಕ, 6 ಅಶ್ವಶಕ್ತಿ, ನಡುವೆ ಗೇರ್ ಇಲ್ಲದೆ ಎಂಜಿನ್ನಿನಿಂದ ನೇರವಾಗಿ ತಿರುಗುವ ಸರಪಳಿ. ಯುದ್ಧೋಪಕರಣ ತಯಾರಿಕೆಯಿಂದ ಆರಂಭವಾದ ಸ್ವೀಡನ್ನಿನ ಹಸ್ಕ್‌ವರ್ನಾ ಚೈನ್‌ಸಾ ಮಾರಲು ಶುರುಮಾಡಿದ್ದೂ ಅದೇ ವರ್ಷ.

ಇನ್ನು ಸರಪಳಿಯ ಹಲ್ಲು. ಅಮೆರಿಕದ ಒರೆಗಾನ್‌ನ ಜೋಸೆಫ್ ಕಾಕ್ಸ್ ಎಂಬ ಮರಗೆಲಸಗಾರ, ಮರದ ಬುಡದಲ್ಲಿ ಕೊರೆಯುತ್ತಿದ್ದ ದುಂಬಿಯ ಮರಿಹುಳುವನ್ನು ಗಮನಿಸಿದರು. ಅದು ನಾರಿನ ಎಳೆಗಳನ್ನು ಲೆಕ್ಕಿಸದೆ ಎಡಕ್ಕೂ ಬಲಕ್ಕೂ ಸಲೀಸಾಗಿ ಕಡಿಯುತ್ತಿತ್ತು. ಹುಳುವಿನ ದವಡೆಯನ್ನೇ ಉಕ್ಕಿನಲ್ಲಿ ಮಾಡಿದಂತೆ, ಎಡಕ್ಕೊಂದು ಬಲಕ್ಕೊಂದು ಬಾಗಿದ ಹಲ್ಲುಗಳ ಸರಪಳಿಯನ್ನು ಅವರು 1947ರಲ್ಲಿ ತಂದರು. ಇಂದು ಅಂಗಡಿಯಲ್ಲಿ ಸಿಗುವ ಚೈನ್‌ಗಳೂ ಮೂಲದಲ್ಲಿ ಅದೇ ವಿನ್ಯಾಸದವು.

ಸಂಗ್ರಹಕಾರರು ಹೇಳಿ ಹೇಳಿ ದಣಿಯದ ಕತೆಯೊಂದಿದೆ. ಹಳದಿ ಬಣ್ಣದ ಗರಗಸಗಳಿಂದ ಹೆಸರಾದ ರಾಬರ್ಟ್ ಮೆಕಲಕ್, ಅರಿಜೋನಾದ ಮರಳುಗಾಡಿನಲ್ಲಿ ಲೇಕ್ ಹವಾಸು ಎಂಬ ಊರು ಕಟ್ಟಿ ಅಲ್ಲಿಗೆ ಚೈನ್‌ಸಾ ಕಾರ್ಖಾನೆ ತಂದರು. ಆ ಊರಿಗೆ ಜನ ಬರಲಿ ಎಂದು 1968ರಲ್ಲಿ 24.6 ಲಕ್ಷ ಡಾಲರ್ ಕೊಟ್ಟು ಲಂಡನ್ ಸೇತುವೆಯನ್ನೇ ಖರೀದಿಸಿದರು! ಕಲ್ಲುಗಳಿಗೆ ನಂಬರ್ ಹಾಕಿ ಹಡಗಿನಲ್ಲಿ ತರಿಸಿದ ಆ ಸೇತುವೆ 1971ರಲ್ಲಿ ಅಲ್ಲಿ ತೆರೆದುಕೊಂಡಿತು, ಇಂದಿಗೂ ಇದೆ.

ಕಿವಿಯಿಂದ ಟ್ಯೂನಿಂಗ್

ಹಾಗಾದರೆ ಸೆಳೆತ ಎಲ್ಲಿದೆ? ಎಝ್ಡಿ ಅಥವಾ ಆರ್‌ಎಕ್ಸ್ 100 ಓಡಿಸಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಎಝ್ಡಿಯಂತೆ ಈ ಗರಗಸಗಳದ್ದೂ ಟೂ ಸ್ಟ್ರೋಕ್ ಎಂಜಿನ್. ಅದೇ ಎಣ್ಣೆ ಹೊಗೆಯ ವಾಸನೆ, ಒಳಗೆ ಅಷ್ಟೇ ಕಡಿಮೆ ಭಾಗಗಳು. ಆರ್‌ಎಕ್ಸ್ 100ರ ಎಂಜಿನ್ 98 ಸಿ.ಸಿ. ಮೆಕಲಕ್‌ನ ಸೂಪರ್ ಪ್ರೊ 125 ಗರಗಸದ್ದು 123 ಸಿ.ಸಿ! ಬೈಕಿಗಿಂತ ದೊಡ್ಡ ಎಂಜಿನ್ನನ್ನು ಕೈಯಲ್ಲಿ ಹಿಡಿದು ಕೆಲಸ ಮಾಡುತ್ತಿದ್ದರು ಅನ್ನುವುದೇ ಸಂಗ್ರಹಕಾರರಿಗೆ ರೋಮಾಂಚನ.

ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಖರೀದಿಗೆ ಮುನ್ನ ಸ್ಟಾರ್ಟರ್ ಹಗ್ಗ ಹಿಡಿದು ಗರಗಸವನ್ನು ತೂಗುಬಿಡುತ್ತಾರೆ. ಸರಕ್ಕನೆ ಕೆಳಗಿಳಿದರೆ ಕಂಪ್ರೆಷನ್ ಇಲ್ಲ, ತಡೆದು ತಡೆದು ಇಳಿದರೆ ಜೀವ ಇದೆ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಹಾಕಿದರೆ ಪಿಸ್ಟನ್ ಮೇಲಿನ ಗೀರುಗಳು ಕಾಣುತ್ತವೆ. ಸ್ಪಾರ್ಕ್ ಬಾರದಿದ್ದರೆ ಎಷ್ಟೋ ಸಲ ಪಾಯಿಂಟ್ ಮೇಲೆ ಕೂತ ತುಕ್ಕನ್ನು ಉಜ್ಜಿ ತೆಗೆದರೆ ಸಾಕು. ಟಿಲೊಟ್ಸನ್, ವಾಲ್‌ಬ್ರೊ ಕಾರ್ಬ್ಯುರೇಟರ್‌ಗಳನ್ನು ಹಲವು ಕಂಪನಿಗಳು ಬಳಸಿದ್ದರಿಂದ ಅವುಗಳ ಪೊರೆ, ವಾಷರ್‌ಗಳ ಕಿಟ್ ಈಗಲೂ ಸಿಗುತ್ತದೆ. ಆದರೆ ಮೆಗ್ನೀಸಿಯಂ ಎರಕದ ದೇಹ ಬಿರುಕುಬಿಟ್ಟರೆ ಕಷ್ಟ. ಅಂಥದ್ದೇ ಇನ್ನೊಂದು ಗರಗಸ ಹುಡುಕಿ ಬಿಡಿಭಾಗ ಕಳಚಬೇಕು. ಒಂದು ಗರಗಸದ ಆಸೆಗೆ ಮೂರು ಮನೆ ಸೇರುವುದು ಹೀಗೆ.

ಎಲ್ಲಕ್ಕಿಂತ ಸೊಗಸಾದದ್ದು ಟ್ಯೂನಿಂಗ್. ಫುಲ್ ಥ್ರಾಟಲ್ ಕೊಟ್ಟಾಗ, ಮರ ಮುಟ್ಟುವ ಮೊದಲು, ಸರಿಯಾಗಿ ಹೊಂದಿಸಿದ ಗರಗಸ ಸ್ವಲ್ಪ ತೊದಲುತ್ತದೆ. ಹಲ್ಲು ದಿಮ್ಮಿಗೆ ಕಚ್ಚಿ ಭಾರ ಬಿದ್ದೊಡನೆ ತೊದಲು ನಿಂತು ಒಂದೇ ಶ್ರುತಿ ಹಿಡಿಯುತ್ತದೆ. ಮೊದಲೇ ಚೊಕ್ಕವಾಗಿ ಕಿರುಚಿದರೆ ಪೆಟ್ರೋಲ್ ಕಡಿಮೆ ಹೋಗುತ್ತಿದೆ, ಪಿಸ್ಟನ್ ಸೀಜ್ ಆಗುವ ದಿನ ದೂರವಿಲ್ಲ ಎಂದರ್ಥ. ಸ್ಕ್ರೂ ಕಾಲು ಸುತ್ತಿಗೂ ಕಡಿಮೆ ತಿರುಗಿಸಿ ಕಿವಿಗೊಡಬೇಕು.

ಬೆರಳು ಬಿಳಿಚುವ ಕಾಯಿಲೆ

ಈ ಸವಿಯನ್ನು ಆ ಕಾಲದ ಕಾರ್ಮಿಕರು ಅನುಭವಿಸಲಿಲ್ಲ. ಹಳೇ ಗರಗಸಗಳಲ್ಲಿ ಹಿಡಿ ನೇರವಾಗಿ ಎಂಜಿನ್ನಿಗೇ ಅಂಟಿಕೊಂಡಿತ್ತು. ದಿನವಿಡೀ, ವರ್ಷಗಟ್ಟಲೆ ನಡುಕ ತಿಂದ ಕೈಗಳಲ್ಲಿ ರಕ್ತನಾಳ, ನರಗಳು ಹಾಳಾಗಿ, ಚಳಿಯಲ್ಲಿ ಬೆರಳುಗಳು ಬಿಳಿಚಿ ಮರಗಟ್ಟುತ್ತಿದ್ದವು. ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಂಥ ಸ್ಥಿತಿ. 1960ರ ದಶಕದಿಂದ ಹಿಡಿ ಮತ್ತು ಎಂಜಿನ್ ನಡುವೆ ರಬ್ಬರ್ ಬಂದದ್ದು ಈ ಕಾರಣಕ್ಕೆ.

ಇನ್ನೊಂದು ಅಪಾಯ ಕಿಕ್‌ಬ್ಯಾಕ್. ಪಟ್ಟಿಯ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಗರಗಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತದೆ. ಸರಪಳಿಯನ್ನು ತಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಬಂದದ್ದು 1970ರ ದಶಕದ ಆರಂಭದಲ್ಲಿ. ಅದಕ್ಕಿಂತ ಹಳೆಯವುಗಳಲ್ಲಿ ಅದು ಇಲ್ಲ.

ಸಂಗ್ರಹಕಾರರಲ್ಲಿ ಎರಡು ಪಂಗಡವಾಗಿರುವುದು ಇಲ್ಲೇ. ಕಪಾಟಿನಲ್ಲಿ ಸಾಲಾಗಿ ಇಟ್ಟರೆ ಸಾಕು ಎನ್ನುವವರು ಕೆಲವರು. ಓಡದ ಎಂಜಿನ್ ಬರೀ ಕಬ್ಬಿಣ ಎನ್ನುವವರು ಇನ್ನು ಕೆಲವರು. ಎರಡನೆಯವರು ಒಂದೆಡೆ ಸೇರಿ, ನೆಲದ ಮೇಲೆ ಭದ್ರವಾಗಿ ಕೂರಿಸಿದ ದಿಮ್ಮಿಯಿಂದ ರೊಟ್ಟಿಯಂಥ ಬಿಲ್ಲೆಗಳನ್ನು ಕೊಯ್ದು ಖುಷಿಪಡುತ್ತಾರೆ. ಅಷ್ಟಕ್ಕೆ ಹಳೇ ಗರಗಸ ಸಾಕು. ಮರ ಹತ್ತಲು, ದೊಡ್ಡ ಮರ ಉರುಳಿಸಲು ಅದನ್ನು ಒಯ್ಯುವುದು ಮೂರ್ಖತನ. ಬಿಲ್ಲೆ ಕೊಯ್ಯುವಾಗಲೂ ಕಾಲಿಗೆ ರಕ್ಷಾಕವಚ, ಹೆಲ್ಮೆಟ್, ಕಿವಿಮುಚ್ಚಿ ಬೇಕೇ ಬೇಕು.

ನಮ್ಮಲ್ಲಿ ಯಾರಾದರೂ ಕೈಹಾಕುವುದಾದರೆ

ಮಲೆನಾಡು, ಕೊಡಗಿನ ತೋಟಗಳಲ್ಲಿ ಚೈನ್‌ಸಾ ಹೊಸದೇನಲ್ಲ. ಹಳೆಯದೊಂದು ಸಿಕ್ಕಿ ಅದನ್ನು ಓಡಿಸಿ ನೋಡುವ ಆಸೆಯಾದರೆ ಬಿದ್ದ ದಿಮ್ಮಿಯನ್ನೇ ಆರಿಸಿಕೊಳ್ಳಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ, ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು.

ಇನ್ನು ಪೆಟ್ರೋಲ್. ಈಗ ದೇಶದ ಬಂಕ್‌ಗಳಲ್ಲಿ ಸಿಗುತ್ತಿರುವ ಇ20 ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಹಳೇ ರಬ್ಬರ್ ಪೈಪು, ಪೊರೆಗಳನ್ನು ಊದಿಸಿ ಹಾಳುಮಾಡುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಎಥೆನಾಲ್ ತಡೆಯುವ ಹೊಸ ಪೈಪು ಹಾಕಿಸಿಕೊಳ್ಳುವುದು ಮೊದಲ ಕೆಲಸ. ಟ್ಯಾಂಕ್ ಮೇಲೆ 16 ಪಾಲು ಪೆಟ್ರೋಲ್‌ಗೆ ಒಂದು ಪಾಲು ಎಣ್ಣೆ ಎಂದು ಬರೆದಿದ್ದರೆ ಅದು ಆ ಕಾಲದ ಎಣ್ಣೆಯ ಲೆಕ್ಕ. ಇಂದಿನ ಒಳ್ಳೆಯ ಟೂ ಸ್ಟ್ರೋಕ್ ಎಣ್ಣೆ ಬಳಸುವ ಅನೇಕರು 32ಕ್ಕೆ ಒಂದರಂತೆ ಬೆರೆಸುತ್ತಾರೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರ್‌ನಲ್ಲಿ ಉಳಿದದ್ದೂ ಉರಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಯೇ ಒಳಗಿಡಬೇಕು.