ಕೇರಳ ಶಾಲಾ ಕಲೋತ್ಸವ

ಕೇರಳದ ಪ್ರೌಢಶಾಲೆ ಮತ್ತು ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಿಗಾಗಿ ಅಲ್ಲಿನ ಶಿಕ್ಷಣ ಇಲಾಖೆ ವರ್ಷಕ್ಕೊಮ್ಮೆ ನಡೆಸುವ ರಾಜ್ಯಮಟ್ಟದ ಕಲಾಸ್ಪರ್ಧೆಯೇ ಕೇರಳ ಶಾಲಾ ಕಲೋತ್ಸವ. ಶಾಲೆ, ಉಪಜಿಲ್ಲೆ, ಜಿಲ್ಲೆ ಎಂಬ ಮೂರು ಮೆಟ್ಟಿಲು ಹತ್ತಿದ ಮಕ್ಕಳು ನಾಲ್ಕನೆಯ ಮೆಟ್ಟಿಲಲ್ಲಿ 14 ಜಿಲ್ಲೆಗಳ ಪರವಾಗಿ ಎದುರುಬದುರಾಗುತ್ತಾರೆ. ಇದು ಏಷ್ಯಾದಲ್ಲೇ ದೊಡ್ಡದು ಎಂದು ಪತ್ರಿಕೆಗಳು ಪ್ರತಿವರ್ಷ ಬರೆಯುತ್ತವೆ; ಅಳತೆ ಹಿಡಿದು ನೋಡಿದವರು ಯಾರೋ! ಆದರೂ 2025ರ ಜನವರಿಯಲ್ಲಿ ತಿರುವನಂತಪುರದ 25 ವೇದಿಕೆಗಳಲ್ಲಿ ಐದು ದಿನ ನಡೆದ 249 ಸ್ಪರ್ಧೆಗಳನ್ನು ಕಂಡವರು ಆ ಮಾತನ್ನು ಸುಲಭಕ್ಕೆ ತಳ್ಳಿಹಾಕಲಾರರು.

ಉತ್ಸವಕ್ಕೂ ರಾಜ್ಯಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು. ಕೇರಳ ಹುಟ್ಟಿದ್ದು 1956ರ ನವೆಂಬರ್ 1ರಂದು. ಆಗ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದ ಸಿ. ಎಸ್. ವೆಂಕಟೇಶ್ವರನ್ ದೆಹಲಿಯಲ್ಲಿ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ನೋಡಿ ಬಂದಿದ್ದರು. ಕಾಲೇಜಿನವರಿಗೆ ಆಗುವುದಾದರೆ ಶಾಲೆಯ ಮಕ್ಕಳಿಗೆ ಏಕಾಗಬಾರದು ಎಂದುಕೊಂಡ ಅವರ ಹಟದಿಂದ 1957ರ ಜನವರಿ ಕೊನೆಯಲ್ಲಿ ಎರ್ನಾಕುಳಂನ ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ಮೊದಲ ಉತ್ಸವ ನಡೆಯಿತು. ಇ. ಎಂ. ಎಸ್. ನಂಬೂದಿರಿಪಾಡರ ಸರ್ಕಾರ ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಅಂದರೆ ಹೊಸ ರಾಜ್ಯ ತನ್ನ ಮೊದಲ ಮಂತ್ರಿಮಂಡಲವನ್ನು ಕಾಣುವ ಮುಂಚೆಯೇ ಅದರ ಮಕ್ಕಳು ವೇದಿಕೆ ಹತ್ತಿದ್ದರು.

ಮರುವರ್ಷ, 1958ರಲ್ಲಿ, ತಿರುವನಂತಪುರದಲ್ಲಿ ತೆಗೆದ ಒಂದು ಕಪ್ಪುಬಿಳುಪು ಚಿತ್ರ ಇಂದಿಗೂ ಓಡಾಡುತ್ತಿದೆ. ಹಾಡುತ್ತಿರುವ ಹುಡುಗ ಶಾಸ್ತ್ರೀಯ ಸಂಗೀತದಲ್ಲಿ ಪ್ರಥಮ ಬಂದವನು; ಪಕ್ಕದಲ್ಲಿ ಮೃದಂಗ ನುಡಿಸುತ್ತಿರುವವನು ಮೃದಂಗದಲ್ಲಿ ಪ್ರಥಮ. ಮೊದಲನೆಯವನು ಕೆ. ಜೆ. ಯೇಸುದಾಸ್, ಎರಡನೆಯವನು ಪಿ. ಜಯಚಂದ್ರನ್. ಮಲಯಾಳ ಚಿತ್ರಗೀತೆಯನ್ನು ಮುಂದೆ ದಶಕಗಳ ಕಾಲ ಆಳಿದ ಎರಡು ಕಂಠಗಳು ಒಂದೇ ಚೌಕಟ್ಟಿನಲ್ಲಿ ಸಿಕ್ಕಿದ್ದು ಹೀಗೆ. ಜಯಚಂದ್ರನ್ 2025ರ ಜನವರಿ 9ರಂದು, ಆ ವರ್ಷದ ಕಲೋತ್ಸವ ಮುಗಿದ ಮರುದಿನ, ತೀರಿಕೊಂಡರು.

ಖ್ಯಾತನಾಮರ ಪಟ್ಟಿಗಿಂತ ದೊಡ್ಡ ಕೆಲಸವೊಂದನ್ನು ಕಲೋತ್ಸವ ಸದ್ದಿಲ್ಲದೆ ಮಾಡಿದೆ. ಕೇರಳದ ಎಷ್ಟೋ ಕಲೆಗಳಿಗೆ ಜಾತಿಯ ಬೇಲಿ ಇತ್ತು, ಇಲ್ಲವೇ ಮತದ ಅಂಗಳವಿತ್ತು. ದೇವಸ್ಥಾನದ ರಂಗಮಂದಿರವಾದ ಕೂತ್ತಂಬಲದಲ್ಲಿ ಸಂಸ್ಕೃತ ನಾಟಕ ಕೂಡಿಯಾಟ್ಟಂ ಆಡುವ ಹಕ್ಕು ಚಾಕ್ಯಾರರದಾಗಿತ್ತು, ನಂಗಿಯಾರ್ ಕೂತ್ತು ನಂಬಿಯಾರ್ ಸಮುದಾಯದ ಹೆಂಗಸರದಾಗಿತ್ತು. ಮದುಮಗಳ ಸುತ್ತ ಚಪ್ಪಾಳೆ ತಟ್ಟಿ ಹಾಡುವ ಒಪ್ಪನ ಮಾಪ್ಪಿಳ ಮುಸ್ಲಿಮರ ಮದುವೆಮನೆಯದು. ದೀಪದ ಸುತ್ತ ಕುಣಿಯುವ ಮಾರ್ಗಂಕಳಿ ಸಿರಿಯನ್ ಕ್ರೈಸ್ತರದು. ಪೋರ್ಚುಗೀಸರ ಕಾಲದಲ್ಲಿ ಕಡಲಂಚಿನ ಲ್ಯಾಟಿನ್ ಕ್ರೈಸ್ತರಲ್ಲಿ ಬೆಳೆದ, ಹಲಗೆ ನಡುಗುವಂತೆ ಹೆಜ್ಜೆ ತುಳಿಯುವ ಆಟ ಚವಿಟ್ಟುನಾಟಕಂ. ಪೂರಕ್ಕಳಿ ಉತ್ತರ ಮಲಬಾರಿನ ಭಗವತಿ ಕಾವುಗಳ ಅಂಗಳದ್ದು. ಕೇರಳ ಕಲಾಮಂಡಲಂ ಎಂಬ ಕಲಾಶಾಲೆ 1965ರಲ್ಲಿ ಕೂಡಿಯಾಟ್ಟಂ ಕಲಿಕೆಯನ್ನು ಜಾತಿ ನೋಡದೆ ತೆರೆಯಿತು. ಶಾಲೆಯ ವೇದಿಕೆ ಆ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಇವೆಲ್ಲ ಸ್ಪರ್ಧಾ ಪಟ್ಟಿಯಲ್ಲಿ ಒಂದರ ಪಕ್ಕ ಒಂದಾಗಿ ಕೂತ ಮೇಲೆ ಹಿಂದೂ ಹುಡುಗಿ ಒಪ್ಪನಕ್ಕೆ ಕೂರುವುದೂ ಮುಸ್ಲಿಂ ಹುಡುಗಿ ಮಾರ್ಗಂಕಳಿಗೆ ಸೊಂಟ ಕಟ್ಟುವುದೂ ಸುದ್ದಿಯೇ ಅಲ್ಲವಾಯಿತು. ಜಲವರ್ಣ, ತೈಲವರ್ಣ, ಪೆನ್ಸಿಲ್ ಚಿತ್ರ, ವ್ಯಂಗ್ಯಚಿತ್ರ, ಕೊಲಾಜ್ ಸ್ಪರ್ಧೆಗಳೂ ಇವೆ. ಆದರೆ ಅವು ನಡೆಯುವುದು ಮುಚ್ಚಿದ ಕೋಣೆಗಳಲ್ಲಿ. ಚೆಂಡೆಮೇಳದ ಮುಂದೆ ಕುಂಚದ ಸದ್ದು ಯಾರಿಗೆ ಕೇಳೀತು?

ತೀರ್ಪುಗಾರರಾಗಿ ಬಂದಿದ್ದ ಕವಿ ವೈಲೋಪ್ಪಿಳ್ಳಿ ಶ್ರೀಧರ ಮೇನೋನರು ವಿಜೇತ ಜಿಲ್ಲೆಗೆ ಚಿನ್ನದ ಕಪ್ ಕೊಡಬೇಕೆಂದು ಸೂಚಿಸಿದ್ದು 1980ರ ದಶಕದ ನಡುವಿನಲ್ಲಿ. ಚಿರಯಿನ್‌ಕೀಳ್ ಶ್ರೀಕಂಠನ್ ನಾಯರ್ ಅದರ ವಿನ್ಯಾಸ ಮಾಡಿದರು: ಪುಸ್ತಕದ ಮೇಲೆ ಬಳೆ ತೊಟ್ಟ ಕೈ, ಕೈಯಲ್ಲಿ ಶಂಖ. ತೂಕ 117.5 ಪವನು, ಹತ್ತಿರ ಹತ್ತಿರ ಒಂದು ಕಿಲೋ. ಸರ್ಕಾರದ ಖಜಾನೆಯಲ್ಲಿ ಇಟ್ಟು ಪೊಲೀಸ್ ಕಾವಲಿನಲ್ಲಿ ಹೊರತೆಗೆಯುವ ಈ ಕಪ್ಪಿಗಾಗಿ ನಡೆಯುವ ಹಣಾಹಣಿ ಕೆಲವೊಮ್ಮೆ ಕ್ರಿಕೆಟ್ ಪಂದ್ಯವನ್ನು ಮೀರಿಸುತ್ತದೆ. ಕೋಳಿಕ್ಕೋಡ್ 2007ರಿಂದ 12 ಬಾರಿ ಒಂದೇ ಸಮನೆ ಅದನ್ನು ಬಿಟ್ಟುಕೊಡಲಿಲ್ಲ. 2015ರಲ್ಲಿ ಮಾತ್ರ ಪಾಲಕ್ಕಾಡ್ ಜೊತೆ ಹಂಚಿಕೊಳ್ಳಬೇಕಾಯಿತು. 2025ರಲ್ಲಿ ತೃಶ್ಶೂರ್ 1008 ಅಂಕ ಪಡೆದು ಗೆದ್ದಾಗ ಪಾಲಕ್ಕಾಡ್ ಬಳಿ ಇದ್ದದ್ದು 1007! ಶಾಲೆಗಳ ಸಾಲಿನಲ್ಲಿ ಮಾತ್ರ ಇಂಥ ತೂಗಾಟವಿಲ್ಲ. ಪಾಲಕ್ಕಾಡ್ ಜಿಲ್ಲೆಯ ಆಲತ್ತೂರಿನ ಬಿ.ಎಸ್.ಎಸ್. ಗುರುಕುಲಂ ಶಾಲೆ ಆ ವರ್ಷ 171 ಅಂಕಗಳೊಂದಿಗೆ ಮತ್ತೆ ಮೊದಲಾಯಿತು. ಹತ್ತಕ್ಕೂ ಹೆಚ್ಚು ಉತ್ಸವಗಳಿಂದ ಅದರ ಜಾಗ ಅದೇ.

ವೈಯಕ್ತಿಕ ಬಿರುದುಗಳ ಕಥೆ ಇಷ್ಟು ಸುಖವಾಗಿಲ್ಲ. ಅತಿ ಹೆಚ್ಚು ಅಂಕ ಗಳಿಸಿದ ಹುಡುಗನಿಗೆ ‘ಕಲಾಪ್ರತಿಭಾ’, ಹುಡುಗಿಗೆ ‘ಕಲಾತಿಲಕಂ’ ಎಂಬ ಪಟ್ಟ 1986ರಲ್ಲಿ ಶುರುವಾಯಿತು. ಮೊದಲ ಕಲಾಪ್ರತಿಭಾ, ಮುಂದೆ ನಟ ಹಾಗೂ ನರ್ತಕನಾಗಿ ಹೆಸರಾದ ವಿನೀತ್. ಮುಂದೆ ನಟಿಯಾದ ಮಂಜು ವಾರಿಯರ್ ಎರಡು ಬಾರಿ ಕಲಾತಿಲಕವಾದರು. ಸಿನಿಮಾದವರ ಕಣ್ಣು ಉತ್ಸವದ ಮೇಲೆ ಬಿದ್ದದ್ದೇ ತಡ, ಪಟ್ಟ ಪೈಪೋಟಿಯಾಯಿತು, ಪೈಪೋಟಿ ಹಣದ ಹೊಳೆಯಾಯಿತು. ಒಂದೊಂದು ನೃತ್ಯಕ್ಕೂ ಬೇರೆ ಬೇರೆ ಗುರು, ಬೇರೆ ಉಡುಗೆ, ಬೇರೆ ಹಿಮ್ಮೇಳ. ಜೊತೆಗೆ ತೀರ್ಪುಗಾರರ ಮೇಲೆ ಗುಮಾನಿ. 2000ದ ದಶಕದ ನಡುವಿನಲ್ಲಿ ಬಿರುದುಗಳನ್ನು ಕೈಬಿಟ್ಟು ಶ್ರೇಣಿ ಪದ್ಧತಿ ತಂದರು. ಎ ಶ್ರೇಣಿಗೆ 5, ಬಿಗೆ 3, ಸಿಗೆ 1 ಅಂಕ. ಹೈಯರ್ ಸೆಕೆಂಡರಿ ವಿಭಾಗವೂ ಒಳಗೆ ಸೇರಿ, ‘ಯುವಜನೋತ್ಸವ’ ಎಂಬ ಹಳೆಯ ಹೆಸರು ಹೋಗಿ ‘ಕಲೋತ್ಸವ’ ಬಂದದ್ದು ಅದರ ಬೆನ್ನಿಗೇ.

ಪೈಪೋಟಿ ಮಾತ್ರ ಸತ್ತಿಲ್ಲ, ಜಾಗ ಬದಲಿಸಿದೆ. ಕೆಳಹಂತದಲ್ಲಿ ಸೋತವರು ಮೇಲ್ಮನವಿ ಸಲ್ಲಿಸಿ ರಾಜ್ಯಮಟ್ಟಕ್ಕೆ ಬರಬಹುದು. ಇಲಾಖೆ ಒಪ್ಪದಿದ್ದರೆ ಲೋಕಾಯುಕ್ತ, ಅಲ್ಲಿಯೂ ಆಗದಿದ್ದರೆ ನ್ಯಾಯಾಲಯ. ಹೀಗೆ ಬಂದವರು ಸೇರಿ ಸ್ಪರ್ಧಿಗಳ ಸಂಖ್ಯೆ ಉಬ್ಬುತ್ತದೆ, ಸಂಜೆಯ ಸ್ಪರ್ಧೆ ಮಧ್ಯರಾತ್ರಿ ದಾಟುತ್ತದೆ. 2018ರ ತೃಶ್ಶೂರ್ ಉತ್ಸವದಲ್ಲಿ ಮಕ್ಕಳ ಹಕ್ಕುಗಳ ಆಯೋಗದ ಹೆಸರಿನಲ್ಲಿ ನಕಲಿ ಆದೇಶಗಳೇ ಸಿಕ್ಕಿಬಿದ್ದವು. ಪೊಲೀಸರು ನೃತ್ಯಶಿಕ್ಷಕರನ್ನು ಬಂಧಿಸಬೇಕಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಸಿಗುವ ಕೃಪಾಂಕದ ಆಸೆಯೂ ಇದರ ಹಿಂದಿದೆ. ಮಹಾಪೂರದ ವರ್ಷವಾದ 2018ರ ಕೊನೆಯಲ್ಲಿ ಆಲಪ್ಪುಳದಲ್ಲಿ ಆಡಂಬರ ಬಿಟ್ಟು ಉತ್ಸವವನ್ನು ಸರಳವಾಗಿ ಮುಗಿಸಿದರು. ಕೊರೊನಾ ಕಾಲದಲ್ಲಿ, 2021 ಮತ್ತು 2022ರಲ್ಲಿ, ಉತ್ಸವವೇ ಇರಲಿಲ್ಲ.

ಕನ್ನಡಿಗರಿಗೆ ಈ ಉತ್ಸವ ಪರರದಲ್ಲ. ಕೇರಳವನ್ನು ಹುಟ್ಟಿಸಿದ 1956ರ ರಾಜ್ಯಗಳ ವಿಂಗಡಣೆಯಲ್ಲಿ ಕಾಸರಗೋಡು ಕೇರಳದ ಪಾಲಾದ್ದರಿಂದ ಕನ್ನಡ ಪದ್ಯವಾಚನವೂ ಯಕ್ಷಗಾನವೂ ಪಟ್ಟಿಯಲ್ಲಿ ಸ್ಥಾನ ಪಡೆದಿವೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಜಿಲ್ಲೆಗೆ ಯಕ್ಷಗಾನದಲ್ಲಿ ಎದುರಾಳಿ ಯಾರು ಎಂದುಕೊಂಡರೆ ತಪ್ಪು. ಅಂಕ ಬೇಕಾದ ದಕ್ಷಿಣದ ಜಿಲ್ಲೆಗಳು ಕಾಸರಗೋಡಿನ ಕಲಾವಿದರನ್ನೇ ಗುರುಗಳಾಗಿ ಕರೆಸಿಕೊಂಡವು. ಕನ್ನಡದ ಗಂಧವಿಲ್ಲದ ಮಲಯಾಳಿ ಮಕ್ಕಳು ಕಿರೀಟ ಕಟ್ಟಿ, ಅರ್ಥವನ್ನು ಬಾಯಿಪಾಠ ಮಾಡಿ, ತೆಂಕುತಿಟ್ಟಿನ ದಿಗಿಣ ಹಾರುತ್ತಾರೆ. ಇಡೀ ರಾತ್ರಿಯ ಆಟವನ್ನು ಕೆಲವೇ ನಿಮಿಷಕ್ಕೆ ಇಳಿಸಿದಾಗ ಮೊದಲು ಬಡವಾಗುವುದು ಮಾತುಗಾರಿಕೆ. ಕುಣಿತಕ್ಕೆ ಕಣ್ಣು ಅರಳುತ್ತದೆ, ಸಂಭಾಷಣೆ ತೂಗಲು ಭಾಷೆ ಬಲ್ಲವರೇ ಬೇಕು.

ಕಾಸರಗೋಡು ಜಿಲ್ಲೆ 1991ರಲ್ಲಿ ಆತಿಥ್ಯ ವಹಿಸಿದ ಮೇಲೆ ಮತ್ತೆ ಸರದಿ ಬರಲು 28 ವರ್ಷ ಕಾಯಬೇಕಾಯಿತು; 2019ರಲ್ಲಿ 60ನೆಯ ಉತ್ಸವ ಕಾಞಂಗಾಡಿನಲ್ಲಿ ನಡೆಯಿತು. 2025ರಲ್ಲಿ ಪಣಿಯ, ಇರುಳ, ಪಳಿಯ, ಮಲಪುಲಯ ಸಮುದಾಯಗಳ ಕುಣಿತಗಳ ಜೊತೆ, ಕಾಸರಗೋಡು ಮತ್ತು ಕಣ್ಣೂರಿನ ಮಾವಿಲ, ಮಲವೇಟ್ಟುವ ಜನರ ಮಂಗಲಂಕಳಿಯೂ ಸ್ಪರ್ಧೆಗೆ ಬಂತು. ಮದುವೆ ಚಪ್ಪರದಡಿ ತುಡಿ ಎಂಬ ವಾದ್ಯ ಬಾರಿಸುತ್ತ ಸುತ್ತುವ ಕುಣಿತ ಇದು. ಮಾವಿಲರ ಹಾಡುಗಳಲ್ಲಿ ತುಳುವೂ ಇದೆ. ಪಟ್ಟಿ ಸೇರಿದ ವರ್ಷವೇ ಅದಕ್ಕೂ ಸಮಯದ ಮಿತಿ ಬಿತ್ತು, ತಂಡದಲ್ಲಿ ಎಷ್ಟು ಮಂದಿ ಇರಬೇಕೆಂಬ ಲೆಕ್ಕ ಬಂತು, ತುಡಿಯ ಎದುರು ಅಂಕಪಟ್ಟಿ ಹಿಡಿದ ತೀರ್ಪುಗಾರರು ಕೂತರು.